ಸಂಡಿಗೆ ಗೆದ್ದುಕೊಟ್ಟ ಮಾಳಿಗೆ

ಗೆಳತಿಯರೇ, ಇವತ್ತು ನಮ್ಮ ನರೇಗಲ್ ಮನೆಯಲ್ಲಿ ನಾನೂ ನಮ್ಮ ಅತ್ತೆಯೂ ಗೆದ್ದೆವು!

ಹಿತ್ತಲಲ್ಲಿ ಕಟ್ಟಿಸುತ್ತಿರುವ ಹೊಸ ಅಡುಗೆಮನೆಗೂ ಹಳೆ ಮನೆಯಂತೆ ಇಳಿಜಾರಾಗಿ ಹಂಚು ಹೊದಿಸಲು ನಮ್ಮ ಯಜಮಾನರು ಗೌಂಡಿ ಮಾಬುಸಾಬನಿಗೆ ಹೇಳುತ್ತಿದ್ದರು. "ಫೋಟೋದಾಗ ಭಾಳ ಚಲೋ ಕಾಣತೈತಿ" ಎಂಬುದೊಂದೇ ಅವರ ವಾದ. ಸಪಾಟು ಮಾಳಿಗೆ ಬೇಕೆಂದು ನಾನು ಬಡಕೊಂಡಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ. ಪ್ರತಿ ಬೇಸಿಗೆ ಸಂಡಿಗೆ ಒಣಹಾಕಲು ಪಕ್ಕದ ಮನೆಯ ಮಾಳಿಗೆ ಹತ್ತುವವಳು ನಾನು. ಜಾಗ ಕೊಟ್ಟಿದ್ದಕ್ಕೆ ಅವರಿಗೊಂದು ಡಬ್ಬಿ ಸಂಡಿಗೆ ಬೇರೆ.

ಅತ್ತೆ ವಾದ ಮಾಡಲಿಲ್ಲ. ಒಳಗಿನಿಂದ ಸಂಡಿಗೆ ಹಿಟ್ಟಿನ ಪಾತ್ರೆಯನ್ನೂ ಹಳೆ ಸೀರೆಯನ್ನೂ ತಂದು ಮಗನ ಕೈಗಿಟ್ಟರು.

"ತಗೋಪಾ, ಹಂಚಿನ ಮ್ಯಾಲ ಹತ್ತು. ಈ ವರ್ಷದ ಸಂಡಿಗಿ ನೀನ ಹಾಕು."

ಯಜಮಾನರು ಹಳೆ ಮನೆಯ ಹಂಚು ನೋಡಿದರು, ಪಾತ್ರೆ ನೋಡಿದರು. "ಜಾರತೈತಲ್ಲ ಬೇ ಯವ್ವಾ!"

"ಯಾವುದು? ಹಿಟ್ಟೋ, ನೀನೋ?"

ಮಾಬುಸಾಬ ನಗು ತಡೆಯಲಾರದೆ ಕೇಳಿದ: "ಹಂಗಾರ ಸ್ಲ್ಯಾಬ್ ಹಾಕೂಣೇನ್ರಿ?"

"ಹಾಕ್ರಿ" ಎಂದರು ಯಜಮಾನರು, ಪಾತ್ರೆ ಹಿಡಿದುಕೊಂಡೇ.

ಮುಂದಿನ ಬೇಸಿಗೆ ಆ ಮಾಳಿಗೆಯ ಮೇಲೆ ಛತ್ರಿ ಹಿಡಿದು ಕಾಗೆ ಕಾಯುವವರು ಇವರೇ. ಫೋಟೋದಾಗ ಭಾಳ ಚಲೋ ಕಾಣುತ್ತಾರೆ.