ಬದನೇಕಾಯಿ ಕಾರು ಮತ್ತು ಜೇನುಬಣ್ಣದ ಸಾಸೇಜು

ಕಾರುಗಳಿಗೆ ಬಣ್ಣ ಹೊಡೆಯುವ ಪೇಂಟರನನ್ನು ಬೀದಿಯವರು ಫಳಫಳಪ್ಪ ಎಂದೇ ಕರೆಯುತ್ತಿದ್ದರು. ಅವನು ಕೈಯಾಡಿಸಿದ ಬಾನೆಟ್ಟು ಹೇಗೆ ಹೊಳೆಯುತ್ತಿತ್ತೆಂದರೆ, ಬೀದಿಯ ಕ್ಷೌರಿಕ ತನ್ನ ಕನ್ನಡಿ ಒಡೆದಾಗ ಹೊಸದನ್ನು ಕೊಳ್ಳದೆ ಗಿರಾಕಿಗಳನ್ನು ಗ್ಯಾರೇಜಿಗೇ ಕರೆತಂದು ಕೂರಿಸಿಕೊಂಡಿದ್ದ. ಕಾಗೆಯೊಂದು ಅದರಲ್ಲಿ ಮುಖ ನೋಡಿಕೊಂಡು, ತನ್ನ ಬಣ್ಣ ಆಗಷ್ಟೇ ಗೊತ್ತಾದಂತೆ, ಸಪ್ಪೆ ಮೋರೆ ಹಾಕಿಕೊಂಡು ಹಾರಿಹೋದದ್ದನ್ನು ಕಂಡವರಿದ್ದಾರೆ. ಇಷ್ಟು ವರ್ಷ ಬಣ್ಣ ತೆಳುಮಾಡುವ ಥಿನ್ನರಿನ ಗಾಳಿ ಕುಡಿದು ಅವನ ಮೂಗು ಮಾತ್ರ ಬರೀ ಮುಖದ ಅಲಂಕಾರವಾಗಿ ಉಳಿದಿತ್ತು. ಮಲ್ಲಿಗೆಗೂ ಮೋರಿಗೂ ಅದಕ್ಕೆ ಭೇದವಿರಲಿಲ್ಲ.

ಇಂಥ ಕಸುಬುದಾರನಿಗೆ ಒಂದೇ ಒಂದು ಊನ. ‘ತಪ್ಪಾಯಿತು’ ಎಂಬ ಮಾತು ಅವನ ಗಂಟಲು ದಾಟುತ್ತಿರಲಿಲ್ಲ. ಜಟ್ಟಿ ಜಾರಿ ಬಿದ್ದರೆ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾನಂತೆ. ಇವನಾದರೆ ನೆಲವೇ ಎದ್ದು ಬಂದು ತನಗೆ ತಾಗಿತು ಅನ್ನುವ ಪೈಕಿ.

ಈ ಊನವೇ ಅವನನ್ನೂ ಅವನ ಷಡ್ಡಕನನ್ನೂ ದೂರ ಮಾಡಿದ್ದು. ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು ಕೂತು ಅವರ ಬಲಗಾಲಿಗೆ ಒಂದು ಚಾಳಿ ಅಂಟಿತ್ತು. ಎಲ್ಲೇ ಕೂತಿರಲಿ, ಏನಾದರೂ ಎಡವಟ್ಟಾಗುವ ಸೂಚನೆ ಕಂಡರೆ ಸಾಕು, ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸಂಬಂಧಿಕರ ಮದುವೆಯಲ್ಲಿ ಹುಡುಗ ‘ಒಪ್ಪಿದ್ದೇನೆ’ ಅನ್ನುವ ಹೊತ್ತಿಗೆ ಮೇಷ್ಟ್ರು ಒತ್ತಿದ ಬ್ರೇಕಿಗೆ ಮುಂದಿನ ಸಾಲಿನ ಕುರ್ಚಿ ಮಗುಚಿತ್ತು.

ಮೂರ್ನಾಲ್ಕು ವರ್ಷದ ಹಿಂದೆ ಮೇಷ್ಟ್ರು ತಮ್ಮ ಕಾರಿಗೆ ಬಣ್ಣ ಹೊಡೆಸಲು ಬಂದಿದ್ದರು. ಯಾವ ಶೇಡ್ ಕಾರ್ಡಿನಲ್ಲೂ ಇಲ್ಲದ ಬಣ್ಣ ಬೇಕಿತ್ತು ಅವರಿಗೆ. ಗಟ್ಟಿ ಜೇನಿನ ಕಂದು, ಅದರೊಳಗೆ ಕೆಂಪು, ಬಿಸಿಲು ಬಿದ್ದರೆ ಅಂಚಿನಲ್ಲಿ ಚಿನ್ನ ಎಂದು ಗಾಳಿಯಲ್ಲಿ ಕೈಯಾಡಿಸಿ ವಿವರಿಸಿದ್ದರು. ಪೇಂಟರ ಧೂಳು ಬಾರದಿರಲೆಂದು ಗ್ಯಾರೇಜಿನ ಷಟರ್ ಎಳೆದು, ಟ್ಯೂಬ್‌ಲೈಟಿನ ಬೆಳಕಲ್ಲಿ ಬಣ್ಣ ಬೆರೆಸಿ ಹೊಡೆದ. ಒಳಗೆ ಅದು ಜೇನೇ ಆಗಿತ್ತು. ಷಟರ್ ಎತ್ತಿ ಕಾರನ್ನು ಹೊರಗೆ ತಂದರೆ ಅಪ್ಪಟ ಬದನೇಕಾಯಿ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಪೇಂಟರ, ಬಣ್ಣ ಸರಿಯಾಗಿಯೇ ಇದೆ ಭಾವ, ಇವತ್ತಿನ ಬಿಸಿಲೇ ಸರಿಯಿಲ್ಲ ಎಂದುಬಿಟ್ಟ.

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಊರೆಲ್ಲ ಅವರನ್ನು ಬದನೇಕಾಯಿ ಮೇಷ್ಟ್ರು ಎಂದು ಕರೆಯತೊಡಗಿತು. ಬೇರೊಬ್ಬನ ಕೈಲಿ ಬಣ್ಣ ಹೊಡೆಸಬಹುದಿತ್ತು. ಆದರೆ ತಪ್ಪಿಗೆ ಸಾಕ್ಷಿ ಇರಲೆಂದು ಹಟ ಹಿಡಿದು ಅದೇ ಕಾರಿನಲ್ಲಿ ಓಡಾಡಿದರು. ಅಕ್ಕ ತಂಗಿಯರು ಅಂಚೆ ಕಚೇರಿಯ ಮುಂದಿನ ಬೆಂಚಿನಲ್ಲಿ ಭೇಟಿಯಾಗುತ್ತಿದ್ದರು, ಗಂಡಂದಿರಿಗೆ ಗೊತ್ತಾಗದಂತೆ. ಗಂಡಂದಿರಿಬ್ಬರಿಗೂ ಅದು ಚೆನ್ನಾಗಿಯೇ ಗೊತ್ತಿತ್ತು.

ಕೊನೆಗೊಂದು ದಿನ ಅಕ್ಕ ಬೆಂಚಿನ ಮೇಲೆ ಹೇಳಿದಳು: “ಭಾನುವಾರ ನಮ್ಮನೆಯವ್ರನ್ನ ನಿಮ್ಮಲ್ಲಿಗೆ ಊಟಕ್ಕೆ ಕರ್ಕೊಂಡ್ ಬರ್ತೀನಿ ಕಣೇ. ಅವತ್ತೂ ಮುಖ ಊದಿಸ್ಕೊಂಡೇ ವಾಪಸ್ ಬಂದ್ರೆ, ಇನ್ಮೇಲೆ ನಾನು ಕರೆಯೋದಿಲ್ಲ. ನಮಗೆ ಈ ಬೆಂಚೇ ಗತಿ.”

ಪೇಂಟರನ ಹೆಂಡತಿ ಈ ಮಾತನ್ನು ಮನೆಗೆ ತಂದು ಗಂಡನ ಮುಂದಿಟ್ಟಾಗ ಅವನು ಬಹಳ ಹೊತ್ತು ಗಲ್ಲ ಕೆರೆದುಕೊಂಡ. ಆಮೇಲೆ, ಅಡುಗೆ ತನ್ನದೇ ಎಂದು ಘೋಷಿಸಿದ. ಹೆಂಡತಿ ಗೋಡೆ ಹಿಡಿದು ನಿಂತಳು.

ಅವನ ಲೆಕ್ಕಾಚಾರ ಹೀಗಿತ್ತು. ಗ್ಯಾರೇಜಿನ ಪಕ್ಕದಲ್ಲಿ ಒಬ್ಬಾಕೆಯ ನೂಡಲ್ಸ್ ಅಂಗಡಿ. ಸಾಸೇಜುಗಳನ್ನು ಕೆಂಡದ ಮೇಲೆ ಸುಟ್ಟು, ತನ್ನ ಅಜ್ಜಿ ಪೂರ್ವದೇಶದಿಂದ ತಂದ ಕ್ರಮದಲ್ಲಿ ಕಾಸಿದ ಸಾಸು ಬಳಿದು ಕೊಡುವುದರಲ್ಲಿ ಆಕೆಯದು ಎತ್ತಿದ ಕೈ. ಮೇಷ್ಟ್ರು ಆ ಸಾಸೇಜಿಗೆ ಎಂಥ ದಾಸರೆಂದರೆ, ಅವರ ಶಿಷ್ಯರೆಲ್ಲ ಪಾರ್ಕಿಂಗ್ ಕಲಿತದ್ದು ಆ ಅಂಗಡಿಯ ಮುಂದೆ ಮಾತ್ರ. ಬೇರೆಲ್ಲಾದರೂ ಕಾರು ನಿಲ್ಲಿಸೆಂದರೆ ಅವರು ಇಂದಿಗೂ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಾರೆ.

ಅದನ್ನೇ ಮಾಡಿ ಬಡಿಸೋಣವೆಂದು ಪೇಂಟರ ಹೋಗಿ ಕೇಳಿದ್ದಕ್ಕೆ ನೂಡಲ್ಸ್ ಅಂಗಡಿಯಾಕೆ ಗುಟ್ಟು ಬಿಟ್ಟುಕೊಟ್ಟಳು. ಸೋಯಾ ಸಾಸು, ಜೇನು, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಒಂದಿಷ್ಟು ವಿನೆಗರ್, ಖಾರಕ್ಕೆ ಒಣಮೆಣಸು. ಚಮಚಕ್ಕೆ ಅಂಟುವಷ್ಟು ಕಾಸಬೇಕು. ಸಾಸೇಜು ಸಣ್ಣ ಉರಿಯಲ್ಲಿ ಒಳಗೆಲ್ಲ ಬೆಂದ ಮೇಲೆ, ಕೊನೆಯಲ್ಲಿ ಬಳಿಯಬೇಕು. ಕೊನೆಯಲ್ಲಿ ಎಂಬುದನ್ನು ಆಕೆ ಎರಡು ಸಲ ಹೇಳಿದಳು. ಪೇಂಟರ ಎರಡು ಸಲವೂ ತಲೆಯಾಡಿಸಿದ.

ಭಾನುವಾರ ಹಿತ್ತಲಿನ ತಗಡಿನ ಚಪ್ಪರದಡಿ, ಹಳೇ ಪೇಂಟ್ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆಯಲ್ಲಿ ಕೆಂಡ ಕಾಯುತ್ತಿತ್ತು. ಹೆಂಡತಿ ಅವನ ಕೈಗೆ ಅಂಗಡಿಯಿಂದ ಆಗಷ್ಟೇ ತಂದ ಹೊಸ ಬ್ರಷ್ ಕೊಟ್ಟು, ಹಳೆಯದನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅವನು ಥಿನ್ನರಿನಲ್ಲಿ ತೊಳೆದ ಬ್ರಷ್ಷು ತಂದರೆ ಅವನ ಮೂಗಂತೂ ತಕರಾರು ಮಾಡುವುದಿಲ್ಲವಲ್ಲ.

ಹಸಿ ಸಾಸೇಜು ಕೈಗೆ ಬಂದದ್ದೇ ಪೇಂಟರನೊಳಗಿನ ಕಸುಬುದಾರ ಎದ್ದು ಕೂತ. ತಳಕ್ಕೆ ಪ್ರೈಮರ್ ಇಲ್ಲದೆ ಬಣ್ಣ ಹಿಡಿದದ್ದು ಲೋಕದಲ್ಲಿ ಎಲ್ಲಾದರೂ ಉಂಟೇ? ನೂಡಲ್ಸಿನಾಕೆಗೆ ನೂಡಲ್ಸ್ ಗೊತ್ತು, ಬಳಿಯುವುದು ಏನು ಗೊತ್ತು? ಮೊದಲೇ ದಪ್ಪಗೆ ಬಳಿದು ಕೆಂಡದ ಮೇಲಿಟ್ಟ.

ಜೇನು ತನ್ನ ಗುಣ ತೋರಿಸಿತು. ಹೊಗೆ ಎಷ್ಟು ದಟ್ಟವಾಗಿ ಎದ್ದಿತೆಂದರೆ ಪಕ್ಕದ ಮನೆಯ ಪಾರಿವಾಳಗಳು ರಾತ್ರಿಯಾಯಿತೆಂದು ಗೂಡಿಗೆ ಹೋದವು. ಸೀದ ವಾಸನೆ ಮೂರು ಬೀದಿ ದಾಟಿದರೂ ಅದರ ಪಕ್ಕದಲ್ಲೇ ನಿಂತ ಪೇಂಟರನಿಗೆ ಸುಳಿವಿಲ್ಲ. ಹೆಂಡತಿ ಓಡಿಬಂದಾಗ ತಟ್ಟೆಯ ಮೇಲೆ ಇದ್ದಿಲ ತುಂಡುಗಳು ಬಿದ್ದಿದ್ದವು. ಅದೇ ಹೊತ್ತಿಗೆ ಗೇಟಿನ ಮುಂದೆ ಬದನೇಕಾಯಿ ಬಂದು ನಿಂತಿತು.

ಅಕ್ಕ ಮುಂದೆ, ಮೇಷ್ಟ್ರು ಹಿಂದೆ. ಮೇಷ್ಟ್ರು ಹಿತ್ತಲಿಗೆ ಬಂದು ತಟ್ಟೆಯನ್ನು ನೋಡಿದರು, ಪೇಂಟರನನ್ನು ನೋಡಿದರು, ಮತ್ತೆ ತಟ್ಟೆಯನ್ನು ನೋಡಿದರು.

“ಏನಪ್ಪಾ, ಇದಕ್ಕೂ ಬಿಸಿಲೇ ಸರಿಯಿಲ್ವಾ?”

ಅಕ್ಕ ತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಕಣ್ಣಲ್ಲೂ ಅಂಚೆ ಕಚೇರಿಯ ಬೆಂಚು ಕಂಡಿತು. ಪೇಂಟರ ಬಾಯಿ ತೆರೆದ. ಕೆಂಡ ಸರಿಯಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಬಿಸಿ ತುಪ್ಪದಂತೆ ಅತ್ತಿತ್ತ ಹೊರಳಿಸಿ, ಕೊನೆಗೆ ನುಂಗಿದ.

“ಇಲ್ಲ ಭಾವ. ಕೊನೇಲಿ ಹಚ್ಚು ಅಂದಿದ್ರು, ನಾನು ಮೊದ್ಲೇ ಹಚ್ಬಿಟ್ಟೆ. ತಪ್ಪು ನಂದೇ.”

ಮೇಷ್ಟ್ರ ಬಲಗಾಲು ನೆಲಕ್ಕೆ ಗಕ್ಕನೆ ಒತ್ತಿಕೊಂಡಿತು. ಇಂಥ ಮಾತು ಎದುರಿಗೆ ಬಂದೀತೆಂದು ಅವರು ಯಾವ ತಿರುವಿನಲ್ಲೂ ಎಣಿಸಿರಲಿಲ್ಲ. ಒಂದು ಮಣೆ ಎಳೆದುಕೊಂಡು ಒಲೆಯ ಪಕ್ಕ ಕೂತರು.

ಫ್ರಿಜ್ಜಿನಲ್ಲಿ ಇನ್ನೊಂದು ಪೊಟ್ಟಣ ಸಾಸೇಜಿತ್ತು, ಪಾತ್ರೆಯಲ್ಲಿ ಸಾಸೂ ಉಳಿದಿತ್ತು. ಈ ಸಲ ಪೇಂಟರ ಸಾಸೇಜುಗಳನ್ನು ಸಾಸು ಬಳಿಯದೆ ಬರಿಮೈಯಲ್ಲೇ ಸಣ್ಣ ಕೆಂಡದ ಮೇಲೆ ಹೊರಳಿಸಿದ. ಹೊರಳಿಸುತ್ತಿದ್ದಂತೆ ಅವನಿಗೆ ಬುದ್ಧಿ ಹೊಳೆಯಿತು: ಈ ಸಾಸು ಪ್ರೈಮರಲ್ಲ, ವಾರ್ನಿಷ್ಷು. ವಾರ್ನಿಷ್ಷನ್ನು ಯಾರಾದರೂ ಮೊದಲು ಹೊಡೆಯುತ್ತಾರೆಯೇ? ಬೆಂದವನ್ನು ಉರಿಯಿಂದ ಆಚೆ ಸರಿಸಿ, ತೆಳ್ಳಗೆ ಒಂದು ಕೋಟು ಬಳಿದು, ಅದು ಅಂಟುವವರೆಗೆ ಕಾದ. ಬ್ರಷ್ಷು ತುಸು ದಪ್ಪಗೆ ಅದ್ದಿದರೆ ಸಾಕು, ಮೇಷ್ಟ್ರ ಕಾಲು ಬ್ರೇಕ್ ಒತ್ತುತ್ತಿತ್ತು. ಪೇಂಟರ ಅದನ್ನು ನೋಡಿ ಬ್ರಷ್ಷನ್ನು ಪಾತ್ರೆಯ ಅಂಚಿಗೆ ಒರೆಸುತ್ತಿದ್ದ. ಇಬ್ಬರೂ ಸೇರಿ ಒಂದೇ ವಾಹನ ಓಡಿಸುತ್ತಿರುವಂತಿತ್ತು.

ಆಗ ಮೇಷ್ಟ್ರು ಒಂದನ್ನು ಗಮನಿಸಿದರು. ಪ್ರತಿ ಕೋಟಿನ ನಂತರ ಪೇಂಟರ ಒಂದು ಸಾಸೇಜನ್ನು ಫೋರ್ಕಿಗೆ ಚುಚ್ಚಿಕೊಂಡು, ಟ್ಯೂಬ್‌ಲೈಟು ಉರಿಯುತ್ತಿದ್ದ ಚಪ್ಪರ ಬಿಟ್ಟು, ಮನೆಯ ಪಕ್ಕದ ಓಣಿಯಲ್ಲಿ ನಡೆದು ಗೇಟಿನ ಬಳಿ ಬಿಸಿಲಿಗೆ ಹೋಗುತ್ತಿದ್ದ. ಅಲ್ಲಿ ಅದನ್ನು ತಿರುಗಿಸಿ ನೋಡಿ ಮರಳುತ್ತಿದ್ದ.

“ಅಲ್ಲಿಗ್ಯಾಕೆ ಹೋಗ್ತಾನೆ ಇವ್ನು?” ಮೇಷ್ಟ್ರು ಮೆಲ್ಲಗೆ ಕೇಳಿದರು.

“ನಿಮ್ಮ ಕಾರಾದ ಮೇಲೆ ಹಾಗೇ ಭಾವ,” ಎಂದಳು ಪೇಂಟರನ ಹೆಂಡತಿ. “ಏನೇ ಬಣ್ಣ ಬೆರೆಸ್ಲಿ, ಬಿಸಿಲಲ್ಲಿ ನೋಡ್ದೆ ಹೊಡೆಯಲ್ಲ. ಒಂದ್ಸಲ ಮೋಡ ಮುಚ್ಚಿತ್ತು ಅಂತ ವಾರ ಪೂರ್ತಿ ಸುಮ್ನೆ ಕೂತಿದ್ರು.”

ಮೇಷ್ಟ್ರು ಎದ್ದು ಅವನ ಹಿಂದೆಯೇ ಗೇಟಿಗೆ ಹೋದರು. ಕೊನೆಯ ಕೋಟಿನ ಸಾಸೇಜು ಬದನೇಕಾಯಿ ಬಾನೆಟ್ಟಿನ ಮೇಲೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಗಟ್ಟಿ ಜೇನಿನ ಕಂದು, ಅದರೊಳಗೆ ಕೆಂಪು, ಅಂಚಿನಲ್ಲಿ ಚಿನ್ನ. ಮೇಷ್ಟ್ರು ಪೇಂಟರನ ಮಣಿಕಟ್ಟು ಹಿಡಿದುಕೊಂಡರು.

“ಇದೇ ಕಣಯ್ಯಾ ನಾನು ಕೇಳಿದ್ದು! ಇದೇ ಬಣ್ಣ!”

“ಸೋಮವಾರ ಗಾಡಿ ತನ್ನಿ ಭಾವ. ಇದನ್ನ ಸ್ಯಾಂಪಲ್ ಇಟ್ಕೋತೀನಿ.”

“ಇಟ್ಕೋ. ಆದ್ರೆ ಮೊದ್ಲು ನಂಗೊಂದು ಕೊಡು.”

ಆ ಮಧ್ಯಾಹ್ನ ಮೇಷ್ಟ್ರು ಎಷ್ಟು ಸಾಸೇಜು ತಿಂದರೆಂಬುದನ್ನು ಹೇಳಿದರೆ ನೀವು ನಂಬುವುದಿಲ್ಲ. ಮನೆಗೆ ಹೊರಟಾಗ ಕಾರಿನಲ್ಲಿ ಅವರು ಕೂತ ಬದಿಯ ಎರಡು ಟಯರುಗಳು ಮಾತ್ರ ಚಪ್ಪಟೆಯಾಗಿದ್ದವೆಂದಷ್ಟೇ ಹೇಳಬಹುದು. ಅಕ್ಕ ತಂಗಿಯರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಯಾರಿಗೂ ಹೆದರದೆ, ದೊಡ್ಡ ದನಿಯಲ್ಲಿ ಗಂಡಂದಿರನ್ನು ಬೈದುಕೊಂಡು ನಕ್ಕರು.

ಸೋಮವಾರ ಪೇಂಟರ ಗ್ಯಾರೇಜಿನ ಷಟರನ್ನು ಪೂರ್ತಿ ಮೇಲೆತ್ತಿ ಬಣ್ಣ ಬೆರೆಸಲು ಕೂತ. ಸ್ಯಾಂಪಲ್ಲಿಗೆಂದು ಇಟ್ಟ ಸಾಸೇಜನ್ನು ಮೇಷ್ಟ್ರೇ ಮಾತಿನ ನಡುವೆ ಮರೆತು ತಿಂದುಬಿಟ್ಟದ್ದರಿಂದ, ಸಂಜೆ ಹಿತ್ತಲಿನಲ್ಲಿ ಮತ್ತೆ ಒಲೆ ಹೊತ್ತಿಸಬೇಕಾಯಿತು. ಮಂಗಳವಾರವೂ ಹಾಗೆಯೇ ಆಯಿತು. ಅಂತೂ ಬಣ್ಣ ಕುದುರಿತು.

ಈಗ ಆ ಕಾರು ಬೀದಿಯಲ್ಲಿ ಹೋದರೆ ನಾಯಿಗಳು ಹಿಂದೆ ಓಡುತ್ತವೆ. ಬೊಗಳುವುದಿಲ್ಲ, ನಾಲಿಗೆ ಚಪ್ಪರಿಸುತ್ತವೆ ಅಷ್ಟೆ. ಊರವರು ಮೇಷ್ಟ್ರಿಗೆ ಸಾಸೇಜ್ ಮೇಷ್ಟ್ರು ಎಂದು ಮರುನಾಮಕರಣ ಮಾಡಿದ್ದಾರೆ. ಅವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಯಾರಾದರೂ ಹಾಗೆ ಕೂಗಿದರೆ ಹಾರ್ನ್ ಒತ್ತಿ ಮುಂದೆ ಹೋಗುತ್ತಾರೆ, ಭಾನುವಾರವಾದರಂತೂ ನೇರ ಷಡ್ಡಕನ ಮನೆಗೆ.