ಕ್ಯಾಲ್ಸಿಯಂನ ಮೂರನೇ ಮನೆ

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ, ನಮ್ಮ ಅವ್ವನೂ ನಂಬಲಿಲ್ಲ. ಶಹಾಬಾದಿನ ನಮ್ಮ ಮನೆಯ ಅಂಗಳಕ್ಕೆ ಒಂದು ಮಧ್ಯಾಹ್ನ ಪಕ್ಕದ ಮನೆಯ ಆಡು ಬಂದು, ಇಡೀ ಆಕ್ಸಿಜನ್ ಪರಮಾಣುವನ್ನು ತಿಂದು, ಬಾಯಿ ಒರೆಸಿಕೊಳ್ಳದೆ ಹೋಯಿತು.

ಆ ಪರಮಾಣುವನ್ನು ಕಟ್ಟಿದವನು ನಾನು. ಹತ್ತನೇ ತರಗತಿಯ ವಿಜ್ಞಾನದಲ್ಲಿ ನನಗೆ ಬಂದ ಅಂಕಗಳ ಸುದ್ದಿ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಮುಂಬೈಗೂ ಹೈದರಾಬಾದಿಗೂ ಹೋಗಿತ್ತೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಪಿಯುಸಿ ಸೇರಿದ ಮೇಲೆ ಓಣಿಯ ಮೂವರು ಹೈಸ್ಕೂಲು ಹುಡುಗರಿಗೆ ಪರಮಾಣು ರಚನೆ ಹೇಳಿಕೊಡುವ ಕೆಲಸವನ್ನು ಯಾರೂ ಕೇಳದಿದ್ದರೂ ವಹಿಸಿಕೊಂಡೆ. ನಾನು ಕಟ್ಟೆಯ ಮೇಲೆ, ಅವರು ಕೆಳಗೆ. ಅಷ್ಟು ಜ್ಞಾನ ಮೇಲಿನಿಂದಲೇ ಇಳಿಯಬೇಕಲ್ಲ!

ಕರಿಹಲಗೆಯ ಅಗತ್ಯ ಇರಲಿಲ್ಲ. ನಮ್ಮ ಊರಲ್ಲಿ ನೆಲವೆಲ್ಲ ಫರಸಿ ಕಲ್ಲು. ಅದರ ಮೇಲೆ ಸೀಮೆಸುಣ್ಣದಿಂದ ಒಂದರ ಹೊರಗೊಂದು ನಾಲ್ಕು ವೃತ್ತ ಬರೆದರೆ ನಾಲ್ಕು ಕವಚ. ನಡುವೆ ನ್ಯೂಕ್ಲಿಯಸ್ಸಿಗೆ ಬೆಲ್ಲದ ತುಂಡು. ಇಲೆಕ್ಟ್ರಾನುಗಳಿಗೆ ಹುಣಸೆ ಬೀಜ. ಬೆಲ್ಲಕ್ಕೆ ಇರುವೆ ಬಂದವು.

"ಮಾಸ್ತರ, ಇವು ಪ್ರೋಟಾನೋ, ನ್ಯೂಟ್ರಾನೋ?" ಎಂದ ಒಬ್ಬ ಹುಡುಗ.

"ಕಚ್ಚಿದ್ರ ಪ್ರೋಟಾನು, ಸುಮ್ಕ ಹೊಂಟ್ರ ನ್ಯೂಟ್ರಾನು," ಎಂದೆ.

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ನಗು ಕೇಳಿತು. ವೈನಿ, ನನ್ನ ಅಣ್ಣನ ಹೆಂಡತಿ. ಅಣ್ಣ ಚಿತ್ತಾಪುರದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನನ್ನ ಜೋಕುಗಳೆಲ್ಲ ಗೋಡೆಗೆ ಬಡಿದು ಕೆಳಗೆ ಬೀಳುತ್ತಿದ್ದವು. ಅವತ್ತು ಒಂದು ದಾಟಿತು.

ಮರುದಿನದಿಂದ ವೈನಿ ಹುಡುಗರ ಜೊತೆ ಬಂದು ಕುಳಿತರು. ಹತ್ತನೇ ತರಗತಿಯಲ್ಲಿ ವಿಜ್ಞಾನವೊಂದು ಹೋಗಿತ್ತು, ಆಮೇಲೆ ಮದುವೆಯಾಗಿತ್ತು. ಈಗ ಆ ಒಂದು ಪೇಪರು ಬರೆಯಬೇಕಿತ್ತು. ಅವರ ಅಪ್ಪ ಇರುವುದು ಚಿಂಚೋಳಿ ಕಡೆಯ ಐನಾಪುರದಲ್ಲಿ. ಮಗಳನ್ನು ಕರೆದೊಯ್ಯುವೆ ಎಂದು ಅವರು ಫೋನ್ ಮಾಡಿದಾಗಲೆಲ್ಲ ಅವ್ವನದು ಒಂದೇ ಮಾತು: "ಪಾಸಾಗಲಿ ಬೀಗರ, ಸೇಡಂ ಕಾಲೇಜಿಗಿ ಹಚ್ಚತೀನಿ. ನನ್ನ ಮಗಳಾಗಿ ಇಲ್ಲೇ ಇರ್ತಾಳ." ಕೊನೆಗೆ ಅವರು, "ಪರೀಕ್ಷಾ ಆಗೂತನ ಇರಲಿ, ಆಮ್ಯಾಲ ನೋಡೂಣು," ಎಂದಿದ್ದರು.

ಅಂದರೆ ವೈನಿ ನಮ್ಮ ಮನೆಯಲ್ಲಿ ಉಳಿಯುವುದು ನನ್ನ ಪಾಠದ ಮೇಲೆ ನಿಂತಿತ್ತು. ಇಂಥ ಹೊಣೆ ಜಗತ್ತಿನ ಯಾವ ಪ್ರೊಫೆಸರನಿಗೂ ಬಂದಿರಲಿಕ್ಕಿಲ್ಲ. ನಾನು ಇಲ್ಲದ ಮೀಸೆಯನ್ನು ತಿರುವಿದೆ.

ವೈನಿ ಕವಚಕ್ಕೆ ಮನೆ ಎನ್ನುತ್ತಿದ್ದರು, ಚೌಕಾಬಾರ ಆಡಿದವರ ಹಾಗೆ. ಹೈಡ್ರೋಜನ್ನಿನಿಂದ ಆರ್ಗಾನ್‌ವರೆಗೆ ಒಂದು ತಪ್ಪಿಲ್ಲ. ಕ್ಯಾಲ್ಸಿಯಂ ಬಂತೆಂದರೆ ಜಗಳ. ಅದು ನಮ್ಮ ಮನೆಯದೇ ಧಾತು ನೋಡಿ. ಫರಸಿಯಲ್ಲೂ, ಸಿಮೆಂಟಿನಲ್ಲೂ, ಅವ್ವನ ಎಲೆಯಡಿಕೆಯ ಸುಣ್ಣದಲ್ಲೂ ಅದೇ. ಇಪ್ಪತ್ತು ಇಲೆಕ್ಟ್ರಾನು: ಎರಡು, ಎಂಟು, ಎಂಟು, ಎರಡು. ವೈನಿ ಮಾತ್ರ ಎರಡು, ಎಂಟು ಇಟ್ಟು, ಉಳಿದ ಹತ್ತನ್ನೂ ಮೂರನೇ ಮನೆಯಲ್ಲೇ ಕೂರಿಸುತ್ತಿದ್ದರು.

"ಮೂರನೇ ಮನಿದಾಗ ಹದಿನೆಂಟು ಹಿಡಸತಾವ ಅಂತ ನೀನೇ ಹೇಳಿದಿ ಹೌದಿಲ್ಲೋ?"

"ಹೌದರಿ."

"ಮತ್ತ ಎಂಟೇ ಕುಂತಾವ. ಇಷ್ಟು ಜಾಗ ಖಾಲಿ ಇದ್ದಾಗ ಈ ಎರಡನ್ನ ಯಾಕ ಹೊರಗ ಕಳಸಾಕತ್ತಿ?"

"ನಾ ಎಲ್ಲಿ ಕಳಸೀನಿ ವೈನಿ? ಪುಸ್ತಕದಾಗ ಹಂಗ ಅದ."

"ಹಂಗ ಅದ ಅಂದ್ರ? ಯಾಕ ಅಂತ ಹೇಳು."

ನನಗೆ ಗೊತ್ತಿರಲಿಲ್ಲ. "ಅದು ಡಿಗ್ರಿ ಲೆವೆಲ್ಲಿಂದು, ನಿಮಗ ಸದ್ಯ ಬ್ಯಾಡ," ಎಂದು ಗಂಭೀರವಾಗಿ ಕೆಮ್ಮಿದೆ.

"ಮಾಸ್ತರಗ ಬರಂಗಿಲ್ಲೋ!" ಎಂದು ಹುಡುಗರು ಕುಣಿದರು. ವೈನಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಆಮೇಲೆ ಅದೇ ಒಂದು ಆಟವಾಯಿತು. ದಿನಾ ಹತ್ತು ಬೀಜ ಇಟ್ಟು ನನ್ನ ಮುಖ ನೋಡುವುದು. ನಾನು ಹಣೆ ಚಚ್ಚಿಕೊಂಡು ಉರುಳಾಡುವುದು. ಒಂದು ದಿನ ನಿಜವಾಗಿ ಹೆದರಿ ಹೇಳಿದೆ, "ಪರೀಕ್ಷಾದಾಗ ಹಿಂಗ ಬರದ್ರ ಮಾರ್ಕ್ಸ್ ಹೋಗತಾವರಿ ವೈನಿ."

"ಅಲ್ಲಿ ಸರೀನೇ ಬರೀತೀನಿ," ಎಂದರು. "ನಮ್ಮ ಅಂಗಳದಾಗ ನನ್ನ ಮನಸಿಗಿ ಬಂದಂಗ ಇಡತೀನಿ."

ಪರೀಕ್ಷೆಗೆ ಇನ್ನೊಂದು ವಾರವಿತ್ತು. ವೈನಿ ಕ್ಯಾಲ್ಸಿಯಂ ಹೂಡಿ, ಹತ್ತು ಬೀಜ ಇಟ್ಟಿದ್ದರು; ನಾನು ಉರುಳಲು ಜಾಗ ನೋಡುತ್ತಿರುವಾಗ ಗೇಟು ಸದ್ದಾಯಿತು. ವೈನಿಯ ಅಪ್ಪ. ಚಪ್ಪಲಿ ಬಿಟ್ಟು, ನಮ್ಮ ವೃತ್ತಗಳನ್ನು ತುಳಿಯದ ಹಾಗೆ ಸುತ್ತಿ ಬಂದು ಕಟ್ಟೆಯ ತುದಿಯಲ್ಲಿ ಕುಳಿತರು.

"ಬರ್ರಿ ಮಾಮಾ, ಒಂದು ಇಲೆಕ್ಟ್ರಾನ್ ಕಮ್ಮಿ ಬಿದ್ದಿತ್ತು," ಎಂದೆ. ಯಾರೂ ನಗಲಿಲ್ಲ.

ಅವ್ವ ನೀರು ತಂದುಕೊಟ್ಟಳು. ಅವರು ಕುಡಿಯದೆ ತಂಬಿಗೆಯನ್ನು ಹಿಡಿದೇ ಕುಳಿತರು. "ನಾಳಿ ನೋಡಾಕ ಬರಾಕತ್ತಾರವ್ವ. ಹುಡುಗಂದೂ ಎರಡನೇದು. ಮಂದಿ ಛಲೋ ಅದಾರ. ಲಗೂನ ಮಾಡೂಣು ಅಂತಾರ. ಬಿಟ್ರ ಮತ್ತ ಸಿಗಂಗಿಲ್ಲ."

"ಪರೀಕ್ಷಾ ಆಗೂತನ ಇರಲಿ ಅಂದಿದ್ರಲ್ಲರಿ ಬೀಗರ," ಎಂದಳು ಅವ್ವ. ಅವಳ ದನಿ ಏರಿತು. "ನಮ್ಮ ಮನಿದಾಗ ಆಕಿಗಿ ಜಾಗ ಕಮ್ಮಿ ಆಗ್ಯಾದೇನು?"

"ಜಾಗ ಭಾಳ ಅದ, ತಂಗಿ," ಎಂದು ಅವರು ತಂಬಿಗೆಯನ್ನು ಕೆಳಗಿಟ್ಟರು. "ನಿನ್ನ ಮಗ ಇಲ್ಲಲ್ಲವ್ವ."

ಅವ್ವ ಕಂಬಕ್ಕೆ ಒರಗಿದಳು. ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಅವರೂ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, "ಬಟ್ಟಿ ಕಟ್ಟಿಕೋ ಮಗಳ. ಚಿಂಚೋಳಿ ಬಸ್ಸಿಗಿ ಹೊತ್ತಾಗತದ," ಎಂದರು.

ವೈನಿ ತಲೆ ಎತ್ತಲಿಲ್ಲ. ಮೂರನೇ ಮನೆಯಿಂದ ಎರಡು ಹುಣಸೆ ಬೀಜ ತೆಗೆದರು. ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡು, ಹೊರಗಿನ ವೃತ್ತದ ಗೆರೆಯ ಮೇಲೆ ಒಂದೊಂದಾಗಿ ಇಟ್ಟರು. ಎರಡು, ಎಂಟು, ಎಂಟು, ಎರಡು.

"ಈಗ ಸರಿ ಅದಲ್ಲೋ, ಮಾಸ್ತರ?"

ಮೂವರು ಹುಡುಗರೂ ನನ್ನನ್ನೇ ನೋಡುತ್ತಿದ್ದರು.

"ತಪ್ಪದರಿ ವೈನಿ," ಎಂದೆ. "ಕುಂದ್ರಿ. ಮತ್ತೊಮ್ಮೆ ಮಾಡ್ರಿ."