ಕೈಯ ಬುದ್ಧಿ, ಬಾಯಿಯ ಬುದ್ಧಿ

ಮಕ್ಕಳ ಬುದ್ಧಿ ಅಳೆಯುವವರು ಸೊರಬದ ನಮ್ಮ ಶಾಲೆಗೆ ಮೊದಲ ಸಲ ಬಂದಾಗ ನಾನು ಒಂದನೇ ಕ್ಲಾಸು. ಯಾವುದೋ ತರಬೇತಿ ಕಾಲೇಜಿನ ಮೇಷ್ಟ್ರು. ಪೆಟ್ಟಿಗೆಯಿಂದ ಬಣ್ಣದ ಮರದ ತುಂಡುಗಳನ್ನು ಸುರಿದು, ಚಿತ್ರದಲ್ಲಿರುವಂತೆ ಜೋಡಿಸು ಎಂದರು. ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು. ತುಂಡುಗಳು ತಾವಾಗಿಯೇ ಕೈಗೆ ಬಂದು ಕೂತಂತೆ ನೆನಪು. "ಭಾರಿ ಚುರುಕು" ಎಂದರು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆದ ನೆನಪೇ ಇಲ್ಲ.

ಅವರು ಮತ್ತೆ ಬರುವ ಹೊತ್ತಿಗೆ ನಾನು ನಾಲ್ಕನೇ ಕ್ಲಾಸು. ಅಷ್ಟರಲ್ಲಿ ಅವ್ವ ನನ್ನನ್ನು ತಿದ್ದಿದ್ದಳು. ಹೊರಗಿನ ಗಂಡಸರು ಮಾತಾಡಿಸಿದರೆ ತಲೆ ತಗ್ಗಿಸಿ ಸುಮ್ಮನಿರಬೇಕು. "ಬಾಯಿಬಡುಕಿ ಅನ್ನಿಸ್ಕೋಬ್ಯಾಡ ಕಣೇ, ನಾಳೆ ಇನ್ನೊಬ್ರ ಮನೆ ಸೇರೋಳು" ಎಂದು ದಿನಾ ಹೇಳುವಳು. ಅಪ್ಪನದು ಬೇರೆ ಮಾತು: "ಮೇಷ್ಟ್ರು ಬುದ್ಧಿ ಐತೆ ಅಂದ್ರೆ ಶಿಕಾರಿಪುರದ ಅತ್ತೆ ಮನೇಲಿಟ್ಟು ಓದಿಸ್ತೀನಿ. ಇಲ್ಲಾಂದ್ರೆ ಇಷ್ಟೇ ಸಾಕು."

ಶಿಕಾರಿಪುರದ ಶಾಲೆಯನ್ನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದೆನೋ! ಮೇಷ್ಟ್ರು ಬಂದ ದಿನ ಕುಣಿಯುತ್ತಲೇ ನಮ್ಮ ಶಾಲೆಗೆ ಹೋಗಿ ಮರದ ತುಂಡುಗಳಿಗಾಗಿ ಕಾದೆ. ಮೇಷ್ಟ್ರು ಪೆಟ್ಟಿಗೆ ತೆರೆಯಲೇ ಇಲ್ಲ. ನಿನ್ನ ವಯಸ್ಸಿಗೆ ಪ್ರಶ್ನೆಗಳು ಬೇರೆ, ಬಾಯಲ್ಲೇ ಹೇಳಬೇಕು ಎಂದರು.

"ಕೆರೆಗೂ ಬಾವಿಗೂ ಏನು ಹೋಲಿಕೆ?"

ಗೊತ್ತಿತ್ತು, ಅಯ್ಯೋ, ಗೊತ್ತಿತ್ತು! ಆದರೆ ಕತ್ತು ತಾನಾಗಿ ಬಗ್ಗಿತು. ಒಂದಾದ ಮೇಲೊಂದು ಪ್ರಶ್ನೆ ಬಂತು. ಉತ್ತರಗಳು ಒಳಗೇ ಮೀನಿನಂತೆ ಸುಳಿದಾಡಿದವು. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತೇ ಇದ್ದೆ.

ಸಂಜೆ ಮೇಷ್ಟ್ರು ನಮ್ಮ ಜಗಲಿಯಲ್ಲಿ ಕೂತು ಅಪ್ಪನಿಗೆ, "ಆಗ ಚೆನ್ನಾಗಿತ್ತು ರೀ, ಈಗ ಬುದ್ಧಿ ಕುಂದಿದೆ" ಎಂದರು. ನಾನು ಬಾಗಿಲ ಹಿಂದೆ ಅವ್ವನ ಪಕ್ಕದಲ್ಲಿದ್ದೆ. ನನ್ನ ಬುದ್ಧಿ ಯಾವಾಗ, ಎಲ್ಲಿ ಬಿದ್ದುಹೋಯಿತಪ್ಪಾ ಎಂದು ಮಂಕಾಗಿ ಯೋಚಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ. ಮೊದಲ ಸಲ ಅಳೆದದ್ದು ಕೈಯನ್ನು, ಎರಡನೇ ಸಲ ಬಾಯಿಯನ್ನು. ಎರಡಕ್ಕೂ ಬುದ್ಧಿ ಅಂತಲೇ ಹೆಸರಿಟ್ಟರೆ ಹೇಗೆ ಮಾರಾಯರೇ?

"ಏನು ಕೇಳಿದ್ರೇ ನಿನ್ನ?" ಅವ್ವ ಪಿಸುಗುಟ್ಟಿದಳು.

"ಕೆರೆಗೂ ಬಾವಿಗೂ ಏನು ಹೋಲಿಕೆ ಅಂತ. ಎರಡರಾಗೂ ನೀರು ಐತೆ. ಗೊತ್ತಿತ್ತವ್ವಾ, ಹೇಳಲಿಲ್ಲ. ನೀನೇ ಮಾತಾಡಬ್ಯಾಡ ಅಂದಿದ್ದೆಯಲ್ಲ."

ಅವ್ವ ನನ್ನನ್ನೇ ನೋಡಿದಳು. ಪರಗಂಡಸಿನೆದುರು ಎಂದೂ ನಿಲ್ಲದವಳು ಸೆರಗು ಹೊದ್ದು, ಹೊಸಿಲು ದಾಟಿ ಜಗಲಿಗೆ ಹೋದಳು. ಅಪ್ಪ ಬೆರಗಾಗಿ ಎದ್ದುನಿಂತ. ಅವಳು ಮೇಷ್ಟ್ರತ್ತ ತಿರುಗಿದಳು.

"ಅವಳ ಬಾಯಿ ಮುಚ್ಚಿಸಿದೋಳು ನಾನು, ಸ್ವಾಮಿ. ಸೊನ್ನೆ ನಂಗೆ ಹಾಕ್ರಿ. ಅವಳನ್ನ ಇನ್ನೊಂದ್ಸಲ ಕೇಳ್ರಿ."